ಏರಿನಲ್ಲಿ ಸ್ಕೂಟರ್ ಎಳೆಯುತ್ತಿಲ್ಲ: ರೋಲರ್ ಮಾತ್ರ ಸಾಕಾ, ಪೂರ್ತಿ ಕ್ಲಚ್ ಸೆಟ್ಟೇ ಬದಲಿಸಬೇಕಾ?

ಕೈಮರ ಸವಾರ:
ಎಲ್ಲರಿಗೂ ನಮಸ್ಕಾರ. ನನ್ನದು 110 ಸಿಸಿ ಗೇರಿಲ್ಲದ ಸ್ಕೂಟರ್. ಮೀಟರ್‌ನಲ್ಲಿ 31,000 ಕಿ.ಮೀ. ದಾಟಿದೆ. ಚಿಕ್ಕಮಗಳೂರು ಪೇಟೆಯಿಂದ ಅತ್ತಿಗುಂಡಿ ಕಡೆಗೆ ತೋಟದ ಕೆಲಸಕ್ಕೆ ದಿನಾ ಓಡಾಡುತ್ತೇನೆ. ಕೈಮರ ದಾಟಿದ ಮೇಲೆ ಏರು ಹೇಗಿದೆ ಅಂತ ನಿಮಗೆಲ್ಲ ಗೊತ್ತಲ್ಲ.

ಈ ಮಳೆಗಾಲ ಮುಗಿದಾಗಿನಿಂದ ಗಾಡಿ ಸರಿ ಇಲ್ಲ. ಮೊದಲು ಹಿಂದೆ ಒಬ್ಬರನ್ನು ಕೂರಿಸಿಕೊಂಡೂ 40ರಲ್ಲಿ ಏರುತ್ತಿತ್ತು. ಈಗ ಒಬ್ಬನೇ ಇದ್ದರೂ 30 ದಾಟುವುದಿಲ್ಲ. ಇಂಜಿನ್ ಮಾತ್ರ ಕೂಗುತ್ತದೆ. ಸಮ ರಸ್ತೆಯಲ್ಲಿ 35ರಿಂದ 45ರ ಮಧ್ಯೆ ಸ್ವಲ್ಪ ಹೊತ್ತು ಅಲ್ಲೇ ನಿಂತು, ಆಮೇಲೆ ಒಮ್ಮೆಲೇ ಜಿಗಿಯುತ್ತದೆ. ಮೊದಲು 80 ಹೋಗುತ್ತಿದ್ದದ್ದು ಈಗ 65ಕ್ಕೆ ಸುಸ್ತು. ನಿಂತಾಗ ಎಡಗಡೆಯಿಂದ ಕಟಕಟ ಸದ್ದು. ಆಕ್ಸಿಲರೇಟರ್ ಕೊಟ್ಟರೆ ಸದ್ದು ಹೋಗುತ್ತದೆ.

ಒಂದು ಶೋರೂಮಿನಲ್ಲಿ ಕೇಳಿದೆ. ಕವರ್ ಸಹ ಬಿಚ್ಚದೆ "ವೇರಿಯೇಟರ್, ಬೆಲ್ಟ್, ಕ್ಲಚ್, ಬೆಲ್ ಎಲ್ಲಾ ಹಾಕಿಸಬೇಕು" ಅಂದರು. ಹೇಳಿದ ಮೊತ್ತ ಕೇಳಿ ವಾಪಸ್ ಬಂದೆ. ಮನೆ ಹತ್ತಿರದ ಮೆಕ್ಯಾನಿಕ್ "ಬರೀ ರೋಲರ್ ಸವೆದಿದೆ, ಕೆಲವೇ ನೂರು ರೂಪಾಯಿ ಕೆಲಸ" ಅನ್ನುತ್ತಾರೆ. ಯಾರ ಮಾತು ಸರಿ? ಇನ್ನೊಬ್ಬ ಗೆಳೆಯ ಹಗುರ ರೋಲರ್ ಹಾಕಿಸು, ಗಿರಿ ಸಲೀಸಾಗಿ ಹತ್ತುತ್ತದೆ ಅಂತಾನೆ. ಅದು ನಿಜವಾ?

ಆಲ್ದೂರು ಹುಡುಗ:
ಮೊದಲು ಬಿಚ್ಚಿ ನೋಡಿ. ಬಿಚ್ಚದೆ ಬಿಲ್ ಹೇಳಿದವರ ಹತ್ತಿರ ಗಾಡಿ ಬಿಡಬೇಡಿ.

ಮೂಡಿಗೆರೆ ಮಂಜು:
ನನ್ನ ತಮ್ಮನ ಗಾಡಿಯೂ ಹೀಗೇ ಆಡುತ್ತಿತ್ತು. ರೋಲರ್ ಹಾಕಿಸಿದ ಮೇಲೆ ಸರಿಹೋಯಿತು. ಸುಮ್ನೆ ಯೋಚನೆ ಮಾಡಬೇಡಿ ಅಣ್ಣ, ರೋಲರ್ ಹಾಕಿಸಿ.

ಬೇಲೂರು ರೋಡ್ ಗ್ಯಾರೇಜ್:
ಮಂಜು, ಹಾಗೆ ದೂರದಿಂದಲೇ ಒಂದೇ ಔಷಧಿ ಬರೆಯಬೇಡಿ. ಸವಾರರು ಹೇಳಿದ ಲಕ್ಷಣಗಳಲ್ಲಿ ಎರಡು ಮೂರು ಸೇರಿಕೊಂಡಿವೆ. ಬೇರೆ ಬೇರೆ ಮಾಡಿ ನೋಡಬೇಕು. ನಾನು ಗ್ಯಾರೇಜಿನಲ್ಲಿ ನೋಡುವ ರೀತಿ ಹೇಳುತ್ತೇನೆ.

ನಿಂತ ಜಾಗದಿಂದ ಹೊರಡುವಾಗ ಗಾಡಿ ಗಡಗಡ ನಡುಗಿ, 20 ದಾಟಿದ ಮೇಲೆ ನಿಂತುಹೋದರೆ ಅದು ಹೆಚ್ಚಾಗಿ ಹಿಂದಿನ ಕ್ಲಚ್ ಶೂ ಮತ್ತು ಬೆಲ್ ತಕರಾರು. ಶೂ ಅಂದರೆ ತಿರುಗಿದಾಗ ಹೊರಕ್ಕೆ ಚಾಚಿ ಹಿಡಿಯುವ ಪಟ್ಟಿ, ಬೆಲ್ ಅಂದರೆ ಅದು ಹಿಡಿಯುವ ಬಟ್ಟಲು. ಶೂ ಮೇಲ್ಮೈ ಗಾಜಿನಂತೆ ನುಣುಪಾಗಿರುತ್ತದೆ, ಇಲ್ಲವೇ ಬೆಲ್ ಒಳಗೆ ಧೂಳು ಕೂತಿರುತ್ತದೆ. ರೋಲರ್‌ಗೂ ಅದಕ್ಕೂ ಸಂಬಂಧ ಕಮ್ಮಿ.

ನಿಂತಾಗ ಕಟಕಟ ಬಂದು, ಆಕ್ಸಿಲರೇಟರ್ ಕೊಟ್ಟ ಕೂಡಲೇ ಹೋದರೆ ಅದು ಮುಂದಿನ ವೇರಿಯೇಟರ್, ಅಂದರೆ ಇಂಜಿನ್ ಕಡೆಯ ಪುಲ್ಲಿ, ಅದರ ತಕರಾರು. ರೋಲರ್ ಸವೆದು ಗುಳಿಯಲ್ಲಿ ಆಡುತ್ತಿರುತ್ತದೆ, ಅಥವಾ ರೋಲರ್ ಒತ್ತಿ ನಿಲ್ಲುವ ರ‍್ಯಾಂಪ್ ಪ್ಲೇಟಿನ ಮೂರು ಪ್ಲಾಸ್ಟಿಕ್ ಸ್ಲೈಡರ್ ಸಡಿಲವಾಗಿರುತ್ತವೆ. ನಿಮ್ಮದು ಇದೇ.

ಮಧ್ಯದ ವೇಗದಲ್ಲಿ ನಿಂತು ಜಿಗಿಯುವುದೂ ರೋಲರ್ ಲಕ್ಷಣವೇ. ಆದರೆ ಏರಿನಲ್ಲಿ ಇಂಜಿನ್ ಕೂಗಿ ವೇಗ ಬಾರದೆ ಇರುವುದಕ್ಕೆ ಬೆಲ್ಟ್ ಸಹ ಕಾರಣ ಇರಬಹುದು. ಬೆಲ್ಟ್ ಅಗಲ ಸವೆದರೆ ಅದು ಪುಲ್ಲಿಯಲ್ಲಿ ಇನ್ನಷ್ಟು ಕೆಳಗೆ ಕೂರುತ್ತದೆ, ಜಾರುತ್ತದೆ. ಟಾಪ್ ಸ್ಪೀಡ್ ಕೂಡ ಹೋಗುತ್ತದೆ. 31,000 ಓಡಿದೆ ಅಂದಿರಿ. ಬೆಲ್ಟ್ ಯಾವಾಗ ಹಾಕಿಸಿದ್ದು?

ಕೈಮರ ಸವಾರ:
ಬೆಲ್ಟ್ ಬದಲಿಸಿಯೇ ಇಲ್ಲ ಸರ್. ಕಂಪನಿಯಿಂದ ಬಂದದ್ದೇ ಇದೆ.

ಬೇಲೂರು ರೋಡ್ ಗ್ಯಾರೇಜ್:
ಹಾಗಾದರೆ ಅದನ್ನೂ ಅಳೆಯಲೇಬೇಕು. ಹಲವು 110 ಗಾಡಿಗಳಲ್ಲಿ 24,000 ಕಿ.ಮೀ. ಆಸುಪಾಸಿಗೆ ಬೆಲ್ಟ್ ಬದಲಿಸಿ ಅಂತ ಪುಸ್ತಕದಲ್ಲೇ ಇರುತ್ತದೆ. ನಿಮ್ಮ ಗಾಡಿಯ ಪುಸ್ತಕ ತೆಗೆದು ನೋಡಿ. ದಾರಿಯಲ್ಲಿ ಬೆಲ್ಟ್ ಹರಿದರೆ ಅತ್ತಿಗುಂಡಿಯಿಂದ ತಳ್ಳಿಕೊಂಡು ಬರಬೇಕಾಗುತ್ತದೆ.

ಕಾಫಿ ಹೂವು:
ನನಗೆ ಒಂದು ವಿಷಯ ಹೇಳಿ. ಈ ರೋಲರ್ ಅಂದರೆ ಏನು? ಮೂರು ವರ್ಷದಿಂದ ಸ್ಕೂಟರ್ ಓಡಿಸುತ್ತೇನೆ. ಸರ್ವಿಸ್ ಬಿಲ್ಲಿನಲ್ಲಿ ಆ ಹೆಸರು ನೋಡಿದ್ದೇನೆ ಅಷ್ಟೇ. ಏನು ಮಾಡುತ್ತದೆ ಅಂತ ಯಾರೂ ಬಿಡಿಸಿ ಹೇಳಿಲ್ಲ.

ಪಾಲಿಟೆಕ್ನಿಕ್ ಮೇಷ್ಟ್ರು:
ಒಳ್ಳೆ ಪ್ರಶ್ನೆ ಮೇಡಂ. ನಾನು ಪಾಠ ಮಾಡುವುದೇ ಇದನ್ನು. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಗೇರಿಲ್ಲದ ಸ್ಕೂಟರಿನ ಎಡಗಡೆ ಉದ್ದನೆಯ ಕವರ್ ಇರುತ್ತದಲ್ಲ, ಅದರೊಳಗೆ ಎರಡು ಪುಲ್ಲಿ, ನಡುವೆ ಒಂದು ರಬ್ಬರ್ ಬೆಲ್ಟ್. ಮುಂದಿನ ಪುಲ್ಲಿ ಇಂಜಿನ್ನಿನ ಕ್ರ್ಯಾಂಕ್ ಮೇಲೆ, ಅಂದರೆ ಇಂಜಿನ್ ತಿರುಗಿಸುವ ದಂಡದ ಮೇಲೆ. ಹಿಂದಿನದು ಚಕ್ರದ ಕಡೆ. ಎರಡೂ ಪುಲ್ಲಿ ಎರಡೆರಡು ತಟ್ಟೆಗಳಿಂದ ಆದವು. ತಟ್ಟೆಗಳು ಹತ್ತಿರ ಬಂದರೆ ಬೆಲ್ಟ್ ಹೊರಕ್ಕೆ ತಳ್ಳಿಸಿಕೊಳ್ಳುತ್ತದೆ. ದೂರ ಹೋದರೆ ಒಳಕ್ಕೆ ಇಳಿಯುತ್ತದೆ. ಮುಂದೆ ಬೆಲ್ಟ್ ಒಳಗೆ, ಹಿಂದೆ ಹೊರಗೆ ಇದ್ದರೆ ಅದು ಫಸ್ಟ್ ಗೇರ್. ಮುಂದೆ ಹೊರಗೆ, ಹಿಂದೆ ಒಳಗೆ ಇದ್ದರೆ ಟಾಪ್ ಗೇರ್.

ಮುಂದಿನ ತಟ್ಟೆಯನ್ನು ಹತ್ತಿರಕ್ಕೆ ತಳ್ಳುವ ಕೆಲಸ ರೋಲರ್‌ಗಳದ್ದು. ಸಾಮಾನ್ಯವಾಗಿ ಆರು ಇರುತ್ತವೆ. ಒಳಗೆ ಲೋಹ, ಹೊರಗೆ ನೈಲಾನ್. ಬೆರಳ ತುದಿಯಷ್ಟು ಗಾತ್ರ. ಪುಲ್ಲಿ ತಿರುಗಿದಾಗ ಇವು ಹೊರಕ್ಕೆ ಎಸೆಯಲ್ಪಡುತ್ತವೆ. ಅವು ಕೂತಿರುವ ಹಾದಿ ಇಳಿಜಾರಾಗಿರುತ್ತದೆ. ಹಾಗಾಗಿ ಹೊರಗೆ ಹೋಗುತ್ತಾ ತಟ್ಟೆಯನ್ನು ಪಕ್ಕಕ್ಕೆ ತಳ್ಳುತ್ತವೆ. ಹಿಂದಿನ ಪುಲ್ಲಿಯಲ್ಲಿ ದೊಡ್ಡ ಸ್ಪ್ರಿಂಗ್ ಇದೆ. ಅದು ಬೆಲ್ಟನ್ನು ವಾಪಸ್ ಫಸ್ಟ್ ಗೇರಿನ ಕಡೆ ಎಳೆಯುತ್ತದೆ. ಮುಂದೆ ರೋಲರ್, ಹಿಂದೆ ಸ್ಪ್ರಿಂಗ್. ಇವೆರಡರ ಜಗ್ಗಾಟದಲ್ಲೇ ಗೇರ್ ತೀರ್ಮಾನ ಆಗುತ್ತದೆ.

ಈಗ ಸವೆತಕ್ಕೆ ಬನ್ನಿ. ರೋಲರ್ ಹೆಸರಿಗೆ ರೋಲರ್, ಆದರೆ ಒಂದೇ ಜಾಗದಲ್ಲಿ ಒತ್ತಡ ಬಿದ್ದು ಬಿದ್ದು ನೈಲಾನ್ ಚಪ್ಪಟೆ ಆಗುತ್ತದೆ. ಒಂದು ಮಗ್ಗುಲು ಸವೆದ ಲಟ್ಟಣಿಗೆ ಹೇಗೆ ಉರುಳುತ್ತದೆ ಹೇಳಿ? ಇದೂ ಅಷ್ಟೇ. ಉರುಳುವ ಬದಲು ಜಾರುತ್ತದೆ. ಜಾರುವಾಗ ಒಂದು ಕಡೆ ಸಿಕ್ಕಿಕೊಂಡು ನಿಲ್ಲುತ್ತದೆ. ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಜಾಸ್ತಿ ಆದಾಗ ಒಮ್ಮೆಲೇ ಹೊರಗೆ ಹೋಗುತ್ತದೆ. ಸವಾರರು ಹೇಳಿದ 35ರಿಂದ 45ರ ನಿಲುಗಡೆ ಅದೇ. ಜೊತೆಗೆ ರೋಲರ್ ವ್ಯಾಸ ಕಮ್ಮಿ ಆದರೆ ತಟ್ಟೆ ಕೊನೆಯವರೆಗೆ ಹೋಗುವುದಿಲ್ಲ. ಬೆಲ್ಟ್ ಪುಲ್ಲಿಯ ಅಂಚು ತಲುಪುವುದಿಲ್ಲ. ಟಾಪ್ ಸ್ಪೀಡ್ ಅಲ್ಲಿ ಹೋಗುತ್ತದೆ.

ಕಾಫಿ ಹೂವು:
ಈಗ ಅರ್ಥ ಆಯಿತು ಸರ್. ತುಂಬಾ ಥ್ಯಾಂಕ್ಸ್.

ರೇಸ್ ರವಿ:
ಮೇಷ್ಟ್ರು ಹೇಳಿದ್ದು ಸರಿ. ಆದರೆ ಸವಾರ ಅಣ್ಣ ಹಗುರ ರೋಲರ್ ಕೇಳಿದ್ದರು, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನನ್ನ ಮಾತು ಕೇಳಿ, ಕಂಪನಿ ರೋಲರ್ ಗುಡ್ಡಕ್ಕೆ ಆಗಿಬರುವುದಿಲ್ಲ. ಹಗುರದ್ದು ಹಾಕಿ. ಪವರ್ ಜಾಸ್ತಿ ಬರುತ್ತದೆ. ನಾನು ಹಾಕಿಸಿ ಸೀತಾಳಯ್ಯನಗಿರಿಗೆ ಇಬ್ಬರು ಹೋಗಿ ಬಂದಿದ್ದೇವೆ, ಎಲ್ಲೂ ಸೋಲಲಿಲ್ಲ.

ಬೇಲೂರು ರೋಡ್ ಗ್ಯಾರೇಜ್:
ರವಿ, ಪವರ್ ಎಲ್ಲಿಂದ ಬರುತ್ತದಪ್ಪ? ಇಂಜಿನ್ ಅದೇ. ರೋಲರ್ ಹಗುರ ಆದರೆ ಇಂಜಿನ್ ಮೇಲಿನ ಆರ್‌ಪಿಎಂನಲ್ಲಿ ಕೂರುತ್ತದೆ ಅಷ್ಟೇ. ಏರಿನಲ್ಲಿ ಅದು ಒಳ್ಳೆಯದು ಅನಿಸುತ್ತದೆ, ಒಪ್ಪುತ್ತೇನೆ. ಆದರೆ ಪೇಟೆಯಲ್ಲಿ ಇಡೀ ದಿನ ಕೂಗಿಕೊಂಡು ಓಡುತ್ತದೆ. ಮೈಲೇಜ್ ಇಳಿಯುತ್ತದೆ. ಟಾಪ್ ಸ್ಪೀಡೂ ಹೋಗುತ್ತದೆ.

ಪಾಲಿಟೆಕ್ನಿಕ್ ಮೇಷ್ಟ್ರು:
ಗ್ಯಾರೇಜ್ ಅಣ್ಣನ ಮಾತಿನಲ್ಲಿ ಒಂದು ಸಣ್ಣ ತಿದ್ದುಪಡಿ. ಹಗುರ ರೋಲರ್ ಹಾಕಿದ ಮಾತ್ರಕ್ಕೆ ಟಾಪ್ ಸ್ಪೀಡ್ ಹೋಗುವುದಿಲ್ಲ. ಕೊನೆಯ ಗೇರ್ ಎಷ್ಟು ಅನ್ನುವುದು ತಟ್ಟೆ ಎಷ್ಟು ದೂರ ಸರಿಯುತ್ತದೆ ಅನ್ನುವುದರ ಮೇಲೆ. ತೂಕದ ಮೇಲೆ ಅಲ್ಲ. ತೀರಾ ಹಗುರ ಆಗಿ, ಕೊನೆ ತಲುಪುವ ಮೊದಲೇ ಇಂಜಿನ್ ತನ್ನ ಮಿತಿ ಮುಟ್ಟಿದರೆ ಮಾತ್ರ ವೇಗ ಹೋಗುತ್ತದೆ.

ರವಿಯವರಿಗೆ ಲೆಕ್ಕ ಹೇಳುತ್ತೇನೆ. ರೋಲರ್ ತಳ್ಳುವ ಬಲ ತೂಕಕ್ಕೆ ನೇರವಾಗಿ ಏರುತ್ತದೆ, ಆರ್‌ಪಿಎಂನ ವರ್ಗಕ್ಕೆ ಏರುತ್ತದೆ. ತೂಕ ನೂರಕ್ಕೆ 10 ಕಮ್ಮಿ ಮಾಡಿದರೆ ಅದೇ ಬಲಕ್ಕೆ ಆರ್‌ಪಿಎಂ ನೂರಕ್ಕೆ 5 ಚಿಲ್ಲರೆ ಜಾಸ್ತಿ ಬೇಕು. ಅಂದರೆ 5,000ದಲ್ಲಿ ಕೂರುತ್ತಿದ್ದ ಇಂಜಿನ್ ಸುಮಾರು 5,270ರಲ್ಲಿ ಕೂರುತ್ತದೆ. ಇಂಜಿನ್ನಿನ ಜೋರು ಆ ಮೇಲಿನ ಆರ್‌ಪಿಎಂನಲ್ಲಿ ಇದ್ದರೆ ಲಾಭ. ಇಲ್ಲದಿದ್ದರೆ ಬರೀ ಸದ್ದು.

ರೇಸ್ ರವಿ:
ಸರ್, ಲೆಕ್ಕ ಸರಿ ಇರಬಹುದು. ಗುಡ್ಡದ ಮೇಲೆ ನನಗೆ ಸಿಕ್ಕ ಎಳೆತ ಸುಳ್ಳಲ್ಲ.

ಪಾಲಿಟೆಕ್ನಿಕ್ ಮೇಷ್ಟ್ರು:
ಸುಳ್ಳು ಅಂತ ನಾನೂ ಹೇಳಿಲ್ಲ. ಸವಾರರ ಸಮಸ್ಯೆ ಬೇರೆ. ಮೊದಲು 40ರಲ್ಲಿ ಏರುತ್ತಿದ್ದ ಗಾಡಿ ಈಗ ಏರುತ್ತಿಲ್ಲ. ಸವೆದದ್ದನ್ನು ಸರಿ ಮಾಡದೆ ತೂಕ ಬದಲಿಸಿದರೆ ಯಾವುದರಿಂದ ಏನಾಯಿತು ಅಂತಲೇ ತಿಳಿಯುವುದಿಲ್ಲ. ಮೊದಲು ಕಂಪನಿ ತೂಕದ ಹೊಸ ರೋಲರ್. ಆಮೇಲೂ ಸಾಲದು ಅನಿಸಿದರೆ ಆಗ ಪ್ರಯೋಗ.

ಸಕಲೇಶಪುರ ಶಿವು:
ಈ ಮಾತು ನೂರಕ್ಕೆ ನೂರು ಸರಿ ಕಣ್ರೀ.

ಹಳೇ ಕೈನೆಟಿಕ್:
ನನಗೀಗ ಅರವತ್ತು ದಾಟಿದೆ. ನಮ್ಮ ಕಾಲದಲ್ಲಿ ಕೈನೆಟಿಕ್ ಹೋಂಡಾ ಇತ್ತು. 1980ರ ದಶಕದಲ್ಲಿ ಬಂದಾಗ ಗೇರಿಲ್ಲದ ಗಾಡಿ ಅಂತ ಜನ ನಿಂತು ನೋಡುತ್ತಿದ್ದರು. ಅದರಲ್ಲೂ ಇದೇ ರೋಲರ್, ಇದೇ ಬೆಲ್ಟ್. ಆಗ ಸಾಮಾನು ಬೇಕು ಅಂದರೆ ಬೆಂಗಳೂರಿಗೆ ಹೇಳಿ ಕಳುಹಿಸಬೇಕಿತ್ತು. ಅಲ್ಲಿಯವರೆಗೆ ಕೆಲವರು ಹಳೇ ರೋಲರನ್ನೇ ತಿರುಗಿಸಿ ಹಾಕುತ್ತಿದ್ದರು. ಸ್ವಲ್ಪ ದಿನ ಓಡುತ್ತಿತ್ತು. ಈಗ ಎಲ್ಲಾ ಪೇಟೆಯಲ್ಲೂ ಸೆಟ್ ಸಿಗುತ್ತದೆ. ಹಾಗೆ ಮಾಡುವ ಅಗತ್ಯ ಇಲ್ಲ.

ಮೂಡಿಗೆರೆ ಮಂಜು:
ಯಜಮಾನ್ರೇ, ಕೈನೆಟಿಕ್ ಈಗಲೂ ಇಟ್ಟಿದ್ದೀರಾ? ಫೋಟೋ ಹಾಕಿ.

ಹಳೇ ಕೈನೆಟಿಕ್:
ಇಟ್ಟಿದ್ದೇನೆ ಮಗಾ. ತೊಳೆದು ಹಾಕುತ್ತೇನೆ. ಈಗ ಕಾಫಿ ಒಣಗಿಸಿದ ಕಣದ ಧೂಳೆಲ್ಲ ಅದರ ಮೇಲೇ ಇದೆ.

ಮಿನೆಸೋಟ ಅರಕಲಗೂಡು:
ನಮ್ಮೂರು ಅರಕಲಗೂಡು. ಈಗ ಅಮೆರಿಕದ ಮಿನೆಸೋಟದಲ್ಲಿ ಇದ್ದೇನೆ. ಈ ಚರ್ಚೆ ಓದಿ ಖುಷಿ ಆಯಿತು. ಯಾಕೆಂದರೆ ಇಲ್ಲಿ ಚಳಿಗಾಲದಲ್ಲಿ ನಾವು ಓಡಿಸುವ ಸ್ನೋಮೊಬೈಲಿನಲ್ಲೂ ಇದೇ ತಕರಾರು. ಹಿಮದ ಮೇಲೆ ಓಡುವ ಗಾಡಿ. ಮುಂದೆ ಎರಡು ಸ್ಕೀ, ಹಿಂದೆ ರಬ್ಬರ್ ಪಟ್ಟಿ. ಅದರಲ್ಲೂ ಬೆಲ್ಟ್, ಎರಡು ಪುಲ್ಲಿ.

ಆದರೆ ರೋಲರ್ ಕೆಲಸ ಬೇರೆ ತರಹ. ನಮ್ಮ ಸ್ಕೂಟರಿನಲ್ಲಿ ರೋಲರೇ ತೂಕ. ಇಲ್ಲಿ ತೂಕ ಬೇರೆ, ರೋಲರ್ ಬೇರೆ. ಪೋಲಾರಿಸ್ ಕಂಪನಿ ಮಾದರಿಯ ಕ್ಲಚ್‌ನಲ್ಲಿ ಬಾಗಿದ ತೂಕದ ತೋಳುಗಳು ಇರುತ್ತವೆ. ತಿರುಗಿದಾಗ ಅವು ಹೊರಗೆ ಬೀಸಿ, ಸ್ಪೈಡರ್ ಅನ್ನುವ ಭಾಗದಲ್ಲಿರುವ ರೋಲರ್ ಮೇಲೆ ಒತ್ತುತ್ತವೆ. ಆ ಒತ್ತಿನಿಂದ ಪುಲ್ಲಿ ಮುಚ್ಚುತ್ತದೆ. ಸ್ಕೀ-ಡೂ ಅನ್ನುವ ಇನ್ನೊಂದು ಬ್ರ್ಯಾಂಡಿನ ಗಾಡಿಗಳ ಹಳೆಯ ಕ್ಲಚ್‌ಗಳಲ್ಲಿ ರೋಲರ್ ತೋಳಿನ ತುದಿಯಲ್ಲಿದ್ದು ರ‍್ಯಾಂಪ್ ಮೇಲೆ ಓಡುತ್ತದೆ. ಎರಡರಲ್ಲೂ ರೋಲರ್ ಅಂದರೆ ಒಂದು ಪಿನ್ ಮೇಲೆ ಬುಶ್ (ಒಳಗೆ ಕೂರುವ ಸಣ್ಣ ಕೊಳವೆ) ಹಾಕಿಕೊಂಡು ತಿರುಗುವ ಸಣ್ಣ ಚಕ್ರ.

ಸವೆಯುವುದು ಎರಡು ಕಡೆ. ಹೊರಗೆ ಚಪ್ಪಟೆ ಆಗುತ್ತದೆ. ಒಳಗೆ ಬುಶ್ ಸವೆದು ರೋಲರ್ ಅಲುಗಾಡುತ್ತದೆ. ಬೆರಳಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಆಡಿದರೆ ಹೊರಡುವಾಗ ಜರ್ಕ್, ಮಧ್ಯದಲ್ಲಿ ಆರ್‌ಪಿಎಂ ಏರಿಳಿತ, ಬೆಲ್ಟ್ ಬೇಗ ಹಾಳು. ಬದಲಿಸುವಾಗ ಎಲ್ಲಾ ರೋಲರ್, ಬುಶ್, ಪಿನ್ ಒಟ್ಟಿಗೆ ನೋಡುತ್ತಾರೆ. ಕವರ್, ಸ್ಪೈಡರ್, ಪುಲ್ಲಿ ಮೂರರ ಮೇಲೂ ಗುರುತು ಇರುತ್ತದೆ. ಅವು ಒಂದೇ ಸಾಲಿಗೆ ಬರುವಂತೆ ಜೋಡಿಸಬೇಕು. ಇಲ್ಲದಿದ್ದರೆ ಕ್ಲಚ್ ಸಮತೂಕ ತಪ್ಪಿ ನಡುಗುತ್ತದೆ.

ಕಾಫಿ ಹೂವು:
ಹಿಮದ ಗಾಡಿಗೂ ನಮ್ಮ ಗಾಡಿಗೂ ಇಷ್ಟು ಹತ್ತಿರದ ಸಂಬಂಧ ಇದೆ ಅಂತ ಗೊತ್ತಿರಲಿಲ್ಲ.

ರೇಸ್ ರವಿ:
ಅಣ್ಣ, ಅಲ್ಲಿ ಬೆಟ್ಟದ ಕಡೆ ಓಡಿಸುವವರು ತೂಕ ಕಮ್ಮಿ ಮಾಡುತ್ತಾರೆ ಅಂತ ಓದಿದ್ದೇನೆ. ನಿಜವಾ? ನಿಜ ಆದರೆ ನನ್ನ ಮಾತೇ ಸರಿ ಆಯಿತಲ್ಲ.

ಮಿನೆಸೋಟ ಅರಕಲಗೂಡು:
ನಿಜ. ನಮ್ಮ ಕಡೆ ಸಮತಟ್ಟು, ಆದ್ದರಿಂದ ಬೇಕಾಗುವುದಿಲ್ಲ. ಪಶ್ಚಿಮದ ರಾಕಿ ಬೆಟ್ಟಗಳ ಕಡೆ ತುಂಬಾ ಎತ್ತರ. ಗಾಳಿ ತೆಳು. ಪ್ರತಿ 300 ಮೀಟರ್ ಎತ್ತರಕ್ಕೆ ಇಂಜಿನ್ ಸುಮಾರು ನೂರಕ್ಕೆ 3ರಷ್ಟು ಜೋರು ಕಳೆದುಕೊಳ್ಳುತ್ತದೆ ಅನ್ನುವುದು ಎಲ್ಲರೂ ಬಳಸುವ ಲೆಕ್ಕ. ಜೋರು ಕಮ್ಮಿ ಆದ ಇಂಜಿನ್ ಅದೇ ತೂಕವನ್ನು ತಿರುಗಿಸಲು ಒದ್ದಾಡುತ್ತದೆ, ಆರ್‌ಪಿಎಂ ಇಳಿಯುತ್ತದೆ. ಅದಕ್ಕೆ ತೂಕ ಇಳಿಸಿ ಆರ್‌ಪಿಎಂ ಮತ್ತೆ ಸರಿ ಜಾಗಕ್ಕೆ ತರುತ್ತಾರೆ. ಅಲ್ಲಿ ಎತ್ತರದ ಕೋಷ್ಟಕ ನೋಡಿ ತೂಕ ಆರಿಸುತ್ತಾರೆ, ಕಣ್ಣಂದಾಜಿನಲ್ಲಿ ಅಲ್ಲ.

ಪಾಲಿಟೆಕ್ನಿಕ್ ಮೇಷ್ಟ್ರು:
ಈ ಲೆಕ್ಕ ನಮ್ಮೂರಿಗೂ ಹಾಕಿ ನೋಡೋಣ. ಚಿಕ್ಕಮಗಳೂರು ಪೇಟೆ ಸುಮಾರು 1,090 ಮೀಟರ್. ಮುಳ್ಳಯ್ಯನಗಿರಿ 1,930 ಮೀಟರ್. ನಡುವೆ 840 ಮೀಟರ್. ಅಂದರೆ ಪೇಟೆಯಲ್ಲಿದ್ದ ಜೋರಿನಲ್ಲಿ ನೂರಕ್ಕೆ ಸುಮಾರು 8ರಷ್ಟು ಮೇಲೆ ಹೋಗುವಷ್ಟರಲ್ಲಿ ಹೋಗಿರುತ್ತದೆ. ಫ್ಯೂಯಲ್ ಇಂಜೆಕ್ಷನ್ ಗಾಡಿ ಪೆಟ್ರೋಲನ್ನು ಗಾಳಿಗೆ ತಕ್ಕಂತೆ ಹೊಂದಿಸುತ್ತದೆ. ಆದರೆ ಇಲ್ಲದ ಗಾಳಿಯನ್ನು ತರಲು ಆಗುವುದಿಲ್ಲ. ಹೊಸ ಗಾಡಿಯೂ ಗಿರಿಯ ಮೇಲೆ ಪೇಟೆಯಲ್ಲಿ ಎಳೆದ ಹಾಗೆ ಎಳೆಯುವುದಿಲ್ಲ. ಅದಕ್ಕೆ ರೋಲರ್ ಮೇಲೆ ದೂರು ಹಾಕುವ ಮೊದಲು ಇದನ್ನೂ ನೆನಪಿಡಿ.

ಆದರೆ ಸವಾರರದ್ದು ಸಮ ರಸ್ತೆಯಲ್ಲೂ ಹಾಳಾಗಿದೆ. ಅವರದ್ದು ಸವೆತವೇ.

ಆಲ್ದೂರು ಹುಡುಗ:
ಹಾಗಾದರೆ ಜೀಪಿನವರು ಗಿರಿಗೆ ಹೋಗುವಾಗ ಅಷ್ಟು ಜೋರಾಗಿ ಹೋಗುತ್ತಾರಲ್ಲ, ಅವರಿಗೆ ಗಾಳಿ ಕಮ್ಮಿ ಆಗಲ್ವಾ? ರಜೆ ದಿನ ಆ ರಸ್ತೆಯಲ್ಲಿ ಸ್ಕೂಟರ್ ಓಡಿಸುವುದೇ ಭಯ.

ಸಕಲೇಶಪುರ ಶಿವು:
ಶಿರಾಡಿಗೆ ಬಂದು ನೋಡಿ, ಭಯ ಅಂದರೆ ಏನು ಅಂತ ತಿಳಿಯುತ್ತದೆ. ಹಿಂದೆ ಲಾರಿ, ಮುಂದೆ ಲಾರಿ.

ಮೂಡಿಗೆರೆ ಮಂಜು:
ಚಾರ್ಮಾಡಿ ಇಳಿಯುವಾಗ ನನಗೆ ಇನ್ನೊಂದು ಅನುಮಾನ. ಗೇರ್ ಬೈಕಿನಲ್ಲಿ ಎರಡನೇ ಗೇರಿಗೆ ಹಾಕಿ ಇಳಿದರೆ ಇಂಜಿನ್ನೇ ಹಿಡಿಯುತ್ತದೆ. ಸ್ಕೂಟರಿನಲ್ಲಿ ಹಾಗೆ ಮಾಡಲು ಆಗುವುದಿಲ್ಲವಲ್ಲ. ಕೊಟ್ಟಿಗೆಹಾರದಿಂದ ಇಳಿದರೆ ಕೆಳಗೆ ಹೋಗುವಷ್ಟರಲ್ಲಿ ಬ್ರೇಕ್ ವಾಸನೆ ಬರುತ್ತದೆ. ಇದಕ್ಕೂ ರೋಲರ್‌ಗೂ ಸಂಬಂಧ ಇದೆಯಾ?

ಬೇಲೂರು ರೋಡ್ ಗ್ಯಾರೇಜ್:
ರೋಲರ್‌ಗಿಂತ ಹಿಂದಿನ ಕ್ಲಚ್‌ಗೆ ಸಂಬಂಧ ಜಾಸ್ತಿ. ವೇಗ ಇರುವಾಗ ಆಕ್ಸಿಲರೇಟರ್ ಬಿಟ್ಟರೆ ಕ್ಲಚ್ ಹಿಡಿದೇ ಇರುತ್ತದೆ, ಇಂಜಿನ್ ಸ್ವಲ್ಪ ತಡೆಯುತ್ತದೆ. ವೇಗ ತೀರಾ ಇಳಿದಾಗ ಶೂ ಒಳಕ್ಕೆ ಹೋಗಿ ಕ್ಲಚ್ ಬಿಡುತ್ತದೆ. ಆಗ ಗಾಡಿ ನ್ಯೂಟ್ರಲ್‌ನಲ್ಲಿ ಉರುಳಿದ ಹಾಗೆ. ಪೂರ್ತಿ ಭಾರ ಬ್ರೇಕ್ ಮೇಲೆ. ಅಂಥ ಕಡೆ ಒಮ್ಮೆ ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಕ್ಲಚ್ ಮತ್ತೆ ಹಿಡಿಯುತ್ತದೆ. ಬ್ರೇಕನ್ನು ಒತ್ತಿಕೊಂಡೇ ಇರಬೇಡಿ. ಹಿಡಿದು ಬಿಡಿ, ಹಿಡಿದು ಬಿಡಿ. ವಾಸನೆ ಬಂದರೆ ಪಕ್ಕಕ್ಕೆ ನಿಲ್ಲಿಸಿ ಆರಲು ಬಿಡಿ. ಇಂಜಿನ್ ಆಫ್ ಮಾಡಿ ಇಳಿಯುವ ಕೆಲಸ ಮಾತ್ರ ಯಾವತ್ತೂ ಮಾಡಬೇಡಿ.

ಮಿನೆಸೋಟ ಅರಕಲಗೂಡು:
ಇಲ್ಲೊಂದು ವ್ಯತ್ಯಾಸ ಹೇಳುತ್ತೇನೆ. ಸ್ನೋಮೊಬೈಲಿನಲ್ಲಿ ಹಿಂದೆ ಬೇರೆ ಕ್ಲಚ್ ಶೂ ಇಲ್ಲ. ನಿಂತಾಗ ಮುಂದಿನ ಪುಲ್ಲಿಯೇ ತೆರೆದುಕೊಂಡು ಬೆಲ್ಟನ್ನು ಬಿಟ್ಟುಬಿಡುತ್ತದೆ. ಆರ್‌ಪಿಎಂ ಏರಿದಾಗ ಮುಚ್ಚಿ ಹಿಡಿಯುತ್ತದೆ. ಹೀಗಾಗಿ ಇಲ್ಲಿ ರೋಲರ್ ಸವೆದರೆ ಹೊರಡುವ ಜರ್ಕ್ ಸಹ ಅಲ್ಲಿಂದಲೇ. ಸ್ಕೂಟರಿನಲ್ಲಿ ಹೊರಡುವ ನಡುಕಕ್ಕೆ ಹಿಂದಿನ ಶೂ ಕಾರಣ ಅಂತ ಗ್ಯಾರೇಜ್ ಅಣ್ಣ ಹೇಳಿದ್ದು ಅದಕ್ಕೇ.

ಹಾಸನ ಬಿ.ಎಂ. ರೋಡ್:
ಸರ್, ರೋಲರ್ ಬಿಚ್ಚುವುದನ್ನು ಮನೆಯಲ್ಲೇ ಮಾಡಬಹುದಾ? ವೀಡಿಯೋದಲ್ಲಿ ನೋಡಿದರೆ ಸುಲಭ ಅನಿಸುತ್ತದೆ. ಎರಡು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್ ಇದ್ದರೆ ಸಾಕು ಅಂತಾರೆ.

ಬೇಲೂರು ರೋಡ್ ಗ್ಯಾರೇಜ್:
ಆ ಸ್ಕ್ರೂಡ್ರೈವರ್ ವಿಷಯಕ್ಕೇ ನಾನು ಬರೆಯಬೇಕು ಅಂತಿದ್ದೆ. ನಟ್ ಬಿಚ್ಚುವಾಗ ಪುಲ್ಲಿ ತಿರುಗದಿರಲಿ ಅಂತ ಫ್ಯಾನ್ ರೆಕ್ಕೆಗೆ ಸ್ಕ್ರೂಡ್ರೈವರ್ ಸಿಕ್ಕಿಸುತ್ತಾರೆ. ರೆಕ್ಕೆ ಮುರಿಯುತ್ತದೆ. ಆ ಫ್ಯಾನ್ ಇರುವುದೇ ಬೆಲ್ಟ್ ತಣ್ಣಗಿಡಲು. ಪುಲ್ಲಿ ಹಿಡಿಯುವ ಹೋಲ್ಡರ್ ಅಂತಲೇ ಟೂಲ್ ಸಿಗುತ್ತದೆ. ಅದನ್ನು ತೆಗೆದುಕೊಳ್ಳಿ.

ಬಿಚ್ಚುವುದು ಸುಲಭ. ತಪ್ಪು ಆಗುವುದು ಜೋಡಿಸುವಾಗ. ಬೆಲ್ಟನ್ನು ಹಿಂದಿನ ಪುಲ್ಲಿಯಲ್ಲಿ ಕೈಯಿಂದ ಒತ್ತಿ ಆಳಕ್ಕೆ ಇಳಿಸಬೇಕು. ಆಗ ಮುಂದೆ ಬೆಲ್ಟ್ ಸಡಿಲ ಸಿಗುತ್ತದೆ. ಹಾಗೆ ಮಾಡದೆ ನಟ್ ಬಿಗಿದರೆ ಬೆಲ್ಟ್ ತಟ್ಟೆಗಳ ಮಧ್ಯೆ ಸಿಕ್ಕಿಕೊಂಡು, ತಟ್ಟೆ ಬುಶ್‌ಗೆ ತಾಗುವುದಿಲ್ಲ. ನಟ್ ಬಿಗಿ ಆಯಿತು ಅನಿಸುತ್ತದೆ. ಸ್ವಲ್ಪ ದೂರ ಓಡಿದ ಮೇಲೆ ಬೆಲ್ಟ್ ಜಾಗಕ್ಕೆ ಕೂರುತ್ತದೆ, ನಟ್ ಸಡಿಲ ಆಗುತ್ತದೆ. ಆಮೇಲೆ ಕ್ರ್ಯಾಂಕಿನ ಹಲ್ಲು ಸವೆದುಹೋಗುತ್ತದೆ. ರೋಲರ್ ಉಳಿಸಲು ಹೋಗಿ ಕ್ರ್ಯಾಂಕಿಗೆ ಬಂದ ಗಾಡಿಗಳು ನನ್ನ ಗ್ಯಾರೇಜಿಗೆ ಬಂದಿವೆ. ನಟ್‌ಗೆ ಟಾರ್ಕ್ ರೆಂಚ್ ಬಳಸಿ, ಪುಸ್ತಕದಲ್ಲಿ ಕೊಟ್ಟ ಅಳತೆಗೆ ಬಿಗಿಯಿರಿ.

ಹಿಂದಿನ ಕ್ಲಚ್ ನಟ್ ಮಾತ್ರ ಮನೆಯಲ್ಲಿ ಮುಟ್ಟಬೇಡಿ. ಅದರ ಕೆಳಗೆ ಒತ್ತಿಟ್ಟ ದೊಡ್ಡ ಸ್ಪ್ರಿಂಗ್ ಇದೆ. ಸ್ಪ್ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರ್ ಟೂಲ್ ಇಲ್ಲದೆ ಬಿಚ್ಚಿದರೆ ಮುಖಕ್ಕೆ ಹಾರುತ್ತದೆ.

ಹಾಸನ ಬಿ.ಎಂ. ರೋಡ್:
ಹಾಗಾದರೆ ಬೇಡ ಬಿಡಿ ಸರ್. ಮುಂದಿನ ಭಾಗ ಬಿಚ್ಚಿ ನೋಡುತ್ತೇನೆ, ಕ್ಲಚ್ ಗ್ಯಾರೇಜಿಗೆ.

ಸಕಲೇಶಪುರ ಶಿವು:
ರೋಲರ್‌ಗೆ ಗ್ರೀಸ್ ಹಚ್ಚಬೇಕು ಕಣ್ರೀ, ಅದನ್ನು ಯಾರೂ ಹೇಳಲಿಲ್ಲ. ಗ್ರೀಸ್ ಇದ್ದರೆ ಸವೆಯುವುದೇ ಇಲ್ಲ.

ಬೇಲೂರು ರೋಡ್ ಗ್ಯಾರೇಜ್:
ಶಿವು, ಇಲ್ಲಿ ನಾನು ಒಪ್ಪುವುದಿಲ್ಲ. ಕೆಲವು ಗಾಡಿಗಳಲ್ಲಿ ವೇರಿಯೇಟರ್‌ಗೆ ಸೀಲ್ ಇರುತ್ತದೆ. ಅವುಗಳಿಗೆ ಕಂಪನಿಯೇ ಯಾವ ಗ್ರೀಸ್, ಎಷ್ಟು ಅಂತ ಹೇಳಿರುತ್ತದೆ. ಸೀಲ್ ಇಲ್ಲದ್ದಕ್ಕೆ ಗ್ರೀಸ್ ಹಚ್ಚಿದರೆ ಅದು ಹೊರಗೆ ಎಸೆಯಲ್ಪಟ್ಟು ಬೆಲ್ಟ್ ಮೇಲೆ ಬೀಳುತ್ತದೆ. ಬೆಲ್ಟ್ ಜಾರುತ್ತದೆ. ಧೂಳು ಗ್ರೀಸಿಗೆ ಅಂಟಿ ನೈಲಾನನ್ನು ಇನ್ನೂ ಬೇಗ ತಿನ್ನುತ್ತದೆ. ನಮ್ಮ ಕಡೆ ಕೆಂಪು ಮಣ್ಣಿನ ಧೂಳು ಹೇಗಿದೆ ನಿಮಗೇ ಗೊತ್ತಲ್ಲ.

ಸಕಲೇಶಪುರ ಶಿವು:
ನಮ್ಮ ಮಾವ ಹಚ್ಚುತ್ತಾರೆ. ಅವರ ಗಾಡಿ ಚೆನ್ನಾಗೇ ಓಡುತ್ತದೆ.

ಪಾಲಿಟೆಕ್ನಿಕ್ ಮೇಷ್ಟ್ರು:
ನಿಮ್ಮ ಮಾವನವರ ಗಾಡಿ ಸೀಲ್ ಇರುವ ಮಾದರಿ ಇರಬಹುದು ಶಿವು. ಮಾದರಿ ಹೆಸರು ಕೇಳಿ ತಿಳಿಸಿ, ಆಮೇಲೆ ಮಾತಾಡೋಣ. ಎಲ್ಲಾ ಗಾಡಿಗೂ ಅದೇ ನಿಯಮ ಅಂತ ಹೇಳಬೇಡಿ.

ಕೈಮರ ಸವಾರ:
ಎಲ್ಲರಿಗೂ ಧನ್ಯವಾದ. ನಿನ್ನೆ ಮನೆ ಹತ್ತಿರದ ಮೆಕ್ಯಾನಿಕ್ ಹತ್ತಿರ ಕೂತು, ನನ್ನ ಎದುರೇ ಬಿಚ್ಚಿಸಿದೆ. ವರ್ನಿಯರ್ ಕ್ಯಾಲಿಪರ್ ತಮ್ಮನ ಕಾಲೇಜಿನಿಂದ ತರಿಸಿದ್ದೆ.

ಆರು ರೋಲರಿನಲ್ಲಿ ಎಲ್ಲದರಲ್ಲೂ ಚಪ್ಪಟೆ ಇದೆ. ಎರಡರಲ್ಲಿ ಒಳಗಿನ ಲೋಹ ಕಾಣುವಷ್ಟು ಹೋಗಿದೆ. ಸ್ಲೈಡರ್ ಎರಡು ಚೂರಾಗಿವೆ. ಬೆಲ್ಟ್ ಅಗಲ ಪುಸ್ತಕದ ಮಿತಿಗಿಂತ ಕೆಳಗೆ ಬಂದಿದೆ. ಒಳಮೈಯಲ್ಲಿ ಸಣ್ಣ ಬಿರುಕು ಸಹ ಇದೆ. ಕ್ಲಚ್ ಶೂ ಇನ್ನೂ ಸಾಕಷ್ಟು ದಪ್ಪ ಇದೆ. ಬೆಲ್ ಒಳಗೆ ಬರೀ ಧೂಳು. ಅಂದರೆ ಶೋರೂಮ್ ಹೇಳಿದಷ್ಟು ಬೇಕಿರಲಿಲ್ಲ. ಮೆಕ್ಯಾನಿಕ್ ಹೇಳಿದ ಬರೀ ರೋಲರೂ ಸಾಲುತ್ತಿರಲಿಲ್ಲ.

ಈಗ ಪ್ರಶ್ನೆ: ಆರರಲ್ಲಿ ತೀರಾ ಹಾಳಾದ ಎರಡೇ ಬದಲಿಸಿದರೆ ಆಗುತ್ತಾ? ಸ್ಥಳೀಯ ಅಂಗಡಿಯಲ್ಲಿ ಕಂಪನಿ ಸೆಟ್ ಇಲ್ಲ. ಅರ್ಧ ಬೆಲೆಗೆ ಬೇರೆ ಸೆಟ್ ಇದೆ.

ಬೇಲೂರು ರೋಡ್ ಗ್ಯಾರೇಜ್:
ಎರಡೇ ಹಾಕಬೇಡಿ. ಹೊಸದು ದುಂಡಗೆ, ಹಳೆಯದು ಚಪ್ಪಟೆ. ಎತ್ತರ ಬೇರೆ ಬೇರೆ ಆದರೆ ಭಾರವೆಲ್ಲ ಹೊಸ ಎರಡರ ಮೇಲೆ. ಆರೂ ಒಟ್ಟಿಗೆ, ಸ್ಲೈಡರ್ ಮೂರೂ ಒಟ್ಟಿಗೆ. ಹಾಕುವ ಮೊದಲು ವೇರಿಯೇಟರ್ ಒಳಗಿನ ಹಾದಿಯಲ್ಲಿ ಬೆರಳು ಓಡಿಸಿ. ಲೋಹ ಕಂಡ ರೋಲರ್ ಹಾದಿಯನ್ನೂ ಕೊರೆದಿರಬಹುದು. ಗುಳಿ ಸಿಕ್ಕರೆ ಹೊಸ ರೋಲರೂ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಆಗ ವೇರಿಯೇಟರ್ ಸಹ ಬದಲಿಸಬೇಕು.

ಅಗ್ಗದ ಸೆಟ್ ಬಗ್ಗೆ: ಅಂಗಡಿಯಲ್ಲೇ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಆರನ್ನೂ ಬಿಡಿಬಿಡಿಯಾಗಿ ತೂಗಿ. ತೂಕ ಒಂದೊಂದು ಒಂದೊಂದು ತರಹ ಇದ್ದರೆ ವಾಪಸ್ ಕೊಡಿ. ನನ್ನ ಸಲಹೆ ಎರಡು ದಿನ ಕಾದು ಕಂಪನಿ ಸೆಟ್ಟೇ ತರಿಸುವುದು.

ರೇಸ್ ರವಿ:
ರೋಲರಿಗೆ ಒಂದು ಕಡೆ ನೈಲಾನ್ ಅಂಚು ಇರುತ್ತದೆ, ಇನ್ನೊಂದು ಕಡೆ ತೆರೆದಿರುತ್ತದೆ. ಆರೂ ಒಂದೇ ದಿಕ್ಕಿಗೆ ಇರಬೇಕು. ಹಳೆಯದನ್ನು ತೆಗೆಯುವ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ. ಬೆಲ್ಟ್ ಮೇಲೆ ಬಾಣದ ಗುರುತು ಇದ್ದರೆ ಅದು ತಿರುಗುವ ದಿಕ್ಕಿಗೆ.

ಕೈಮರ ಸವಾರ:
ಫೋಟೋ ತೆಗೆದಿದ್ದೇನೆ ರವಿ. ಹಾದಿಯಲ್ಲಿ ಬೆರಳಿಗೆ ಗುಳಿ ಸಿಗಲಿಲ್ಲ. ಹಾಸನದಿಂದ ಕಂಪನಿ ಸೆಟ್ ಬಸ್ಸಿಗೆ ಹಾಕಿಸಿದ್ದಾರೆ, ನಾಳೆ ಬರುತ್ತದೆ. ಹಗುರದ್ದು ಈಗ ಬೇಡ ಅಂತ ತೀರ್ಮಾನ ಮಾಡಿದೆ. ಮೊದಲು ಗಾಡಿ ಮೊದಲಿನ ಹಾಗೆ ಆಗಲಿ.

ಹಾಸನ ಟೀಚರ್:
ನನ್ನದೂ ಒಂದು ಕೇಳಬಹುದಾ? ಹಾಸನದಲ್ಲಿ ವಿದ್ಯಾನಗರದಿಂದ ಸಾಲಗಾಮೆ ರಸ್ತೆಗೆ ಶಾಲೆಗೆ ಹೋಗಿ ಬರುವುದಷ್ಟೇ. ಓಡಿರುವುದು 9,000 ಕಿ.ಮೀ. ಏರೇ ಇಲ್ಲ. ಆದರೂ ಬೆಳಗ್ಗೆ ಹೊರಡುವಾಗ ನಡುಗುತ್ತದೆ. ಮಳೆ ಬಂದ ದಿನ ಜಾಸ್ತಿ. ರೋಲರ್ ಇಷ್ಟು ಬೇಗ ಸವೆಯುತ್ತದಾ?

ಬೇಲೂರು ರೋಡ್ ಗ್ಯಾರೇಜ್:
ಇಷ್ಟಕ್ಕೆ ರೋಲರ್ ಸವೆಯುವುದು ಅಪರೂಪ ಮೇಡಂ. ಹೊರಡುವಾಗ ಮಾತ್ರ ನಡುಗಿ ಆಮೇಲೆ ನಿಂತರೆ ಕ್ಲಚ್ ಬೆಲ್ ಧೂಳು, ತೇವ ಇವೇ ಕಾರಣ ಇರಬೇಕು. ಕವರ್ ತೆಗೆದು ಶೂ ಮತ್ತು ಬೆಲ್ ಸ್ವಚ್ಛ ಮಾಡಿಸಿ. ಧೂಳನ್ನು ಬಾಯಿಂದ ಊದಲು ಬಿಡಬೇಡಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒರೆಸಲಿ. ವಾಟರ್ ಸರ್ವಿಸ್ ಮಾಡಿಸುವಾಗ ಎಡಗಡೆಯ ಗಾಳಿ ಹೋಗುವ ಕಿಂಡಿಗೆ ನೀರಿನ ಪೈಪ್ ಹಿಡಿಯಬೇಡಿ ಅಂತ ಹೇಳಿ. ಅಲ್ಲಿಂದ ಒಳಗೆ ಹೋದ ನೀರು ಬೆಲ್ಟಿಗೆ ತಾಗುತ್ತದೆ.

ಹಾಸನ ಟೀಚರ್:
ಹೋದ ವಾರವಷ್ಟೇ ವಾಟರ್ ಸರ್ವಿಸ್ ಆಗಿದೆ. ಅದಕ್ಕೂ ಮೊದಲು ಇಷ್ಟು ನಡುಗುತ್ತಿರಲಿಲ್ಲ.

ಬೇಲೂರು ರೋಡ್ ಗ್ಯಾರೇಜ್:
ಹಾಗಾದರೆ ಮೊದಲು ಕವರ್ ತೆಗೆಸಿ ಒಳಗೆ ತೇವ ಇದೆಯಾ ನೋಡಿಸಿ. ಕವರ್ ಕೆಳಗೆ ನೀರು ಹೋಗುವ ಸಣ್ಣ ಪೈಪ್ ಇದ್ದರೆ ಅದು ಕಟ್ಟಿದೆಯಾ ಅಂತಲೂ ನೋಡಲಿ. ಒಣಗಿದ ಮೇಲೂ ನಡುಗಿದರೆ ಇಲ್ಲೇ ಬರೆಯಿರಿ. ಆಗ ಶೂ ತೆಗೆಸೋಣ.